ಸೋಮವಾರದ ಬಸವನಹುಳು

ಬೆಳ್ಳಮ್ಮ ವಾರಕ್ಕೆ ಆರು ದಿನ ಬಸವನಹುಳು ಕೊಲ್ಲುತ್ತಿದ್ದಳು. ಬಾಳೆದಿಂಡು ತುಂಡು ಮಾಡಿ ಹಿಪ್ಪುನೇರಳೆ ಸಾಲುಗಳಲ್ಲಿ ಇಟ್ಟರೆ, ಬೆಳಗಾಗುವುದರೊಳಗೆ ಅಂಗೈಯಗಲದ ಹುಳುಗಳು ಅದಕ್ಕೆ ಮುತ್ತಿಕೊಂಡಿರುತ್ತಿದ್ದವು. ಬಕೆಟ್ಟಿಗೆ ಉದುರಿಸಿ ಮೇಲೆ ಕಲ್ಲುಪ್ಪು ಸುರಿಯುತ್ತಿದ್ದಳು. ಅವು ನೊರೆ ಕಾರಿ, ಬುಸಬುಸನೆ ಉಕ್ಕಿ, ಚಿಪ್ಪಿನೊಳಗೇ ಸಾಯುತ್ತಿದ್ದವು. ಅವಳಿಗೆ ಕನಿಕರ ಬರುತ್ತಿರಲಿಲ್ಲ. ಬರಬಾರದ ಹೊತ್ತಿನಲ್ಲಿ ಒಮ್ಮೆ ಬಂದದ್ದೇ ಸಾಕಾಗಿತ್ತು: ಎರಡು ವರ್ಷದ ಹಿಂದೆ ನರ್ಸರಿಯಿಂದ ತಂದ ಬಾಳೆಗಿಡದ ಮಣ್ಣಲ್ಲಿ ಮೂರು ಹುಳು ಸಿಕ್ಕಾಗ, ಚಿಪ್ಪು ಚೆಂದವಿದೆ, ಬದುಕಿಕೊಳ್ಳಲಿ ಎಂದು ಬೇಲಿ ಪಕ್ಕ ಬಿಟ್ಟವಳು ಇವಳೇ. ಇದು ಆಫ್ರಿಕಾದ್ದು, ಮನುಷ್ಯರೇ ಹೊತ್ತು ತಂದದ್ದು, ನಮ್ಮ ನೆಲದಲ್ಲಿ ಇದನ್ನು ತಿಂದು ಹದ್ದುಬಸ್ತಿನಲ್ಲಿಡುವ ಪ್ರಾಣಿಯಿಲ್ಲ, ಒಂದೊಂದೂ ನೂರಾರು ಮೊಟ್ಟೆ ಇಡುತ್ತದೆ ಎಂದು ರೇಷ್ಮೆ ಇಲಾಖೆಯವರು ಆಮೇಲೆ ಹೇಳಿದರು. ಅಷ್ಟರಲ್ಲಿ ಅವಳ ಊರು ಕೊಪ್ಪದ ಅರ್ಧ ತೋಟಗಳಿಗೆ ಅದು ಹಬ್ಬಿತ್ತು.

ಸೋಮವಾರ ಮಾತ್ರ ಅವಳು ಜೀವ ತೆಗೆಯುತ್ತಿರಲಿಲ್ಲ. ಶಿವನ ವಾರ; ಹುಳುವಿನ ಹೆಸರಲ್ಲೇ ಬಸವ ಬೇರೆ. ಹಾಗೆಂದು ತೋಟದಲ್ಲಿ ಬಿಡಲೂ ಮನಸ್ಸಿಲ್ಲ. ಹುಳು ಕಚ್ಚಿಕೊಂಡ ದಿಂಡುಗಳನ್ನು ಹಳೇ ಸೀರೆಯ ಅಂಚಿನಿಂದ ಕಟ್ಟಿ ನಾಲೆಗೆ ತೇಲಿಬಿಡುತ್ತಿದ್ದಳು. ಕೊಂದ ಪಾಪವೂ ಇಲ್ಲ, ಸಾಕಿದ ಕಾಟವೂ ಇಲ್ಲ. ಎಂಥ ಜಾಣತನ! ನಾಲೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಯೋಚಿಸಲಿಲ್ಲ, ಅಷ್ಟೆ.

ನಾಲೆಯ ಕೊನೆಯಲ್ಲಿ ಅವಳ ಮಗಳು ಅರ್ಪಿತಳ ತೋಟವಿತ್ತು.

ಆ ಸೋಮವಾರ ಮಧ್ಯಾಹ್ನ ಅರ್ಪಿತ ಫೋನು ಮಾಡಿ, ಬೇಗ ಬಾ ಎಂದಷ್ಟೇ ಹೇಳಿ ಅತ್ತಳು. ಬೆಳ್ಳಮ್ಮ ಸೋನೆ ಮಳೆಯಲ್ಲೇ ಓಡಿದಳು. ರೇಷ್ಮೆ ಸಾಕುವ ಮನೆಯ ಬಾಗಿಲು ಹಾರುಹೊಡೆದಿತ್ತು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಮುನ್ನಿನ ಕೊನೆಯ ನಿದ್ದೆಯಿಂದ ಎದ್ದು, ಇನ್ನೈದು ದಿನಕ್ಕೆ ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳು ತಲೆ ಎತ್ತಿ ಎತ್ತಿ ಬಡಿಯುತ್ತಿದ್ದವು. ಹಸಿರು ಕಕ್ಕಿ, ಮೈ ಮುರುಟಿ, ಒಂದರ ಮೇಲೊಂದು ಹೊರಳಿ ಸಾಯುತ್ತಿದ್ದವು.

ಅಂಗಳದಲ್ಲಿ ಅಳಿಯ ಪ್ರಸನ್ನ ಹಿಪ್ಪುನೇರಳೆ ಕೋಲಿನಿಂದ ಅರ್ಪಿತಳನ್ನು ಬಡಿಯುತ್ತಿದ್ದ. ಅವಳ ಹಣೆಯಿಂದ ರಕ್ತ ಕಣ್ಣಿಗಿಳಿದಿತ್ತು. ಬಸವನಹುಳು ಮುತ್ತಿದ್ದಕ್ಕೆ ಅವನು ನಾಲೆ ಬದಿಯ ಸಾಲುಗಳಿಗೆ ವಿಷ ಹೊಡೆದಿದ್ದ. ಇಪ್ಪತ್ತು ದಿನ ಅಲ್ಲಿ ಸೊಪ್ಪು ಕೊಯ್ಯಬೇಡ ಎಂದಿದ್ದ. ಮಿಕ್ಕ ಸಾಲುಗಳನ್ನು ಬಸವನಹುಳು ಬೋಳಿಸಿತ್ತು. ಜ್ವರ ಎದ್ದ ಹುಳುವಿನ ಹಸಿವು ನೋಡಲಾಗದೆ ಅರ್ಪಿತ ಹತ್ತನೇ ದಿನಕ್ಕೇ ಆ ವಿಷದ ಸಾಲುಗಳಿಂದ ಎರಡು ಹೊರೆ ಕೊಯ್ದು ಹಾಕಿದ್ದಳು.

ಬೆಳ್ಳಮ್ಮ ನಡುವೆ ನುಗ್ಗಿದಳು. ಅವನು ಅವಳ ರಟ್ಟೆ ಹಿಡಿದು ನಾಲೆಯ ತೂಬಿನವರೆಗೂ ಎಳೆದುಕೊಂಡು ಹೋದ. ಅಲ್ಲಿ ಬಾಳೆದಿಂಡಿನ ಕಟ್ಟೊಂದು ಸಿಕ್ಕಿಕೊಂಡಿತ್ತು. ಬಸವನಹುಳುಗಳು ಅದರಿಂದಿಳಿದು ತೋಟದ ಕಡೆ ಹೊರಟಿದ್ದವು. ಕಟ್ಟಿಗೆ ಬಿಗಿದದ್ದು ಕೆಂಪು ಸೀರೆಯಂಚು.

"ನೋಡತ್ತೆ, ಮೇಲ್ಗಡೆಯಿಂದ ಯಾವಳೋ ತೇಲಿಬುಡ್ತಾವ್ಳೆ. ಸಿಕ್ಲಿ, ಕೈ ಮುರೀತೀನಿ."

ಹಿಂದೆಯೇ ಬಂದಿದ್ದ ಅರ್ಪಿತ ಅಂಚನ್ನು ನೋಡಿದಳು. ಬಾಣಂತನದಲ್ಲಿ ಅವಳ ಮಗು ಮಲಗಿದ್ದು ಅವ್ವನ ಆ ಸೀರೆಯ ಜೋಲಿಯಲ್ಲೇ. ತಾಯಿಯ ಮುಖ ನೋಡಿ, ರಕ್ತ ಒರೆಸಿಕೊಂಡು ಗಂಡನಿಗೆ ಹೇಳಿದಳು.

"ತಪ್ಪು ನಂದೇ. ಸೊಪ್ಪು ಕುಯ್ದೋಳು ನಾನು. ಬೇಕಾರೆ ಇನ್ನೆರಡು ಒಡಿ, ಅವ್ವನ್ನ ಬುಡು."

ಬೆಳ್ಳಮ್ಮ ಮಗಳಿಗೆ ಅಡ್ಡ ನಿಂತಳು.

"ತೇಲಿಬುಟ್ಟೋಳು ನಾನೇ ಕಣಪ್ಪ," ಎಂದಳು ಅಳಿಯನಿಗೆ. "ವಾರವಾರವೂ ನಾನೇ. ಮುರಿ."

ಅವನು ಮೊದಲು ನಂಬಲಿಲ್ಲ. ನಂಬಿದ ಕೂಡಲೇ ಕೋಲು ಬೀಸಿದ. ಬಲಗೈಯ ಮಣಿಕಟ್ಟು ಲಟಕ್ಕೆಂದಿತು.

ಬೆಳ್ಳಮ್ಮ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೆಸರಿನಲ್ಲಿ ಕೂತಳು. ಎಡಗೈಗೆ ಕಲ್ಲು ತೆಗೆದುಕೊಂಡು, ತೋಟಕ್ಕೆ ಹೊರಟಿದ್ದ ಬಸವನಹುಳುಗಳನ್ನು ಒಂದೊಂದಾಗಿ ಜಜ್ಜತೊಡಗಿದಳು. ಚಿಪ್ಪಿನ ಚೂರು ಮುಖಕ್ಕೆ ಸಿಡಿಯುತ್ತಿತ್ತು. ಪ್ರಸನ್ನನ ಕೈಯ ಕೋಲು ಕೆಳಗೆ ಬಿತ್ತು.

"ಇವತ್ತು ಸೋಮ್ವಾರ ಕಣವ್ವ," ಎಂದಳು ಅರ್ಪಿತ.

ಬೆಳ್ಳಮ್ಮ ಇನ್ನೊಂದನ್ನು ಜಜ್ಜಿದಳು.

"ಗೊತ್ತು. ನೀನೂ ಒಂದ್ ಕಲ್ಲು ತಗೊ."