ಪ್ರಿನ್ಸಿಪಾಲರ ಕೋಣೆಯ ಸರ್ವರ್

ಸರ್ವರ್ ಕಂಪ್ಯೂಟರಿಗೆ ಪ್ರಿನ್ಸಿಪಾಲರ ಕೋಣೆಯಲ್ಲೇ ಜಾಗ ಕೊಡಬೇಕೆಂದು ಯಾವ ಪುಸ್ತಕದಲ್ಲಿ ಬರೆದಿದೆಯೋ ದೇವರೇ ಬಲ್ಲ. ಅಜ್ಜಂಪುರದ ಆ ಖಾಸಗಿ ತರಬೇತಿ ಕೇಂದ್ರದಲ್ಲಿ ಮಾತ್ರ ಅದು ಅಲ್ಲೇ ಕೂತಿತ್ತು, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು. ಅದಕ್ಕೂ ಮೊದಲು ಲ್ಯಾಬಿನ ಕಂಪ್ಯೂಟರುಗಳೆಲ್ಲ ಒಂದೇ ಸಮ. ಒಂದರ ಫೈಲನ್ನು ಇನ್ನೊಂದು ತೆರೆಯುತ್ತಿತ್ತು, ಇದರ ಪ್ರಿಂಟರು ಅದಕ್ಕೂ ಆಗುತ್ತಿತ್ತು, ಅಕ್ಕಪಕ್ಕದ ಮನೆಯವರು ಸಕ್ಕರೆ, ಕಾಫಿಪುಡಿ ಇಸ್ಕೊಂಡ ಹಾಗೆ. ಪರೀಕ್ಷಾ ಮಂಡಳಿಯವರು ಬಂದು, ಹಾಗೆಲ್ಲ ನಡೆಯೋದಿಲ್ಲ, ಒಂದು ಸರ್ವರ್ ಇರಲೇಬೇಕು, ಪ್ರಶ್ನೆ ಅದರಿಂದಲೇ ಬರಬೇಕು, ಉತ್ತರ ಅದಕ್ಕೇ ಹೋಗಬೇಕು ಎಂದರು.

"ಅಂದ್ರೆ ಮಿಕ್ಕವೆಲ್ಲ ಇದು ಹೇಳ್ದಂಗೆ ಕೇಳ್ಕಂಡಿರ್ತವೆ ಅನ್ನಿ," ಎಂದು ಪ್ರಿನ್ಸಿಪಾಲ್ ಈರಭದ್ರಪ್ಪ ಮೀಸೆ ತೀಡಿದರು.

"ಹೂಂ ಸಾರ್. ಅವು ಬರೀ ಕೇಳ್ತವೆ, ಇದು ಕೊಡ್ತದೆ. ಪರೀಕ್ಷೆ ಟೈಮಲ್ಲಿ ಅವುಗಳ ಹತ್ರ ಏನೂ ಉಳಿಯಲ್ಲ," ಎಂದಳು ಅತೀಯಾ. ಅವಳು ಅಲ್ಲಿನ ಬೋಧಕಿ, ದಿನಾ ತರೀಕೆರೆಯಿಂದ ಬಸ್ಸಿನಲ್ಲಿ ಬಂದು ಹೋಗುವವಳು.

"ಅಂದ್ಮೇಲೆ ಇದೇ ಹೆಡ್ಡು ಕಣಮ್ಮ. ಹೆಡ್ಡನ್ನ ಹುಡುಗ್ರ ಮಧ್ಯೆ ಕೂರಿಸ್ತಾರಾ?"

ಸಾರ್, ಲ್ಯಾಬಲ್ಲೇ ಇದ್ರೆ ಕೈಗೆ ಸಿಗ್ತದೆ ಎಂದು ಅತೀಯಾ ಒಂದು ಮಾತು ಹೇಳಿ ನೋಡಿದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಅದಕ್ಕೇ ಎರಡನೇ ಸಲ ಹೇಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಸಂಗೀತಾ. ಕಡೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುವ ಕೆಲಸ ಅವಳದು. ಈ ತಿಂಗಳೊಳಗೆ ಕಂಪ್ಯೂಟರ್ ಸರ್ಟಿಫಿಕೇಟು ತಂದರೆ ರಿಸೆಪ್ಷನ್ ಕುರ್ಚಿ ನಿನಗೇ, ಇಲ್ಲದಿದ್ದರೆ ಬೇರೆ ಹುಡುಗಿ ಬರ್ತಾಳೆ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ತಿಂಗಳಲ್ಲಿ ಉಳಿದಿದ್ದು ಇದೊಂದೇ ಪರೀಕ್ಷೆ. ಫಿನಾಯಿಲಿಗೆ ಸುಲಿದ ಬೆರಳುಗಳಲ್ಲೇ ಅವಳು ಕನ್ನಡ ಟೈಪಿಂಗ್ ಕಲಿತಿದ್ದಳು. ಅವಳನ್ನು ಕಂಡರೆ ಅತೀಯಾಗೆ ಎಲ್ಲಿಲ್ಲದ ಅಕ್ಕರೆ.

ಈರಭದ್ರಪ್ಪ ಒಳ್ಳೆಯ ಮನುಷ್ಯ, ಅದೇ ಕಷ್ಟ. ಪರೀಕ್ಷೆಯೆಂದರೆ ಅವರಿಗೆ ಮಡಿ. ಶುರುವಾಗುತ್ತಲೇ ಸರ್ವರಿದ್ದ ಕೋಣೆಗೆ ಬೀಗ ಜಡಿದರು. ಬೀಗದ ಮೇಲೆ ಚೀಟಿ ಅಂಟಿಸಿ ತಾವೂ ಸಹಿ ಹಾಕಿ, ಕಡೂರಿನಿಂದ ಬಂದಿದ್ದ ಮೇಲ್ವಿಚಾರಕಿ ಸುಲೋಚನಮ್ಮನವರಿಂದಲೂ ಹಾಕಿಸಿದರು. ಯಾರ ಬಳಿಯೂ ಫೋನು ಇರಬಾರದೆಂಬ ನಿಯಮ ತಮಗೂ ಇರಲಿ ಎಂದು ತಮ್ಮ ಫೋನನ್ನು ಆ ಕೋಣೆಯೊಳಗೇ ಬಿಟ್ಟಿದ್ದರು. ಬೀಗದ ಕೈಯನ್ನು ಜೇಬಿಗಿಳಿಸಿ, ಬೀರೂರಿನಲ್ಲಿ ನೆಂಟರ ಗೃಹಪ್ರವೇಶ, ಊಟ ಮುಗಿಸಿ ಬಂದೇಬಿಟ್ಟೆ ಎಂದು ಹೊರಟುಹೋದರು.

ಒಂದು ಅರ್ಜಿ, ಒಂದು ಪತ್ರ, ದೊಡ್ಡದೊಂದು ಕೋಷ್ಟಕ, ಎಲ್ಲವನ್ನೂ ಟೈಪ್ ಮಾಡಬೇಕಿತ್ತು. ಒಂದಿಬ್ಬರು ಹುಡುಗರು ಆಗಲೇ ಮುಗಿಸಿ ಕಳಿಸಿಯೂ ಬಿಟ್ಟಿದ್ದರು. ಸಂಗೀತಾಳೂ ಬೇಗನೇ ಮುಗಿಸಿ ಕೈಯೆತ್ತಿದಳು.

"ಆಯ್ತು ಮೇಡಂ, ಕಳಿಸ್ಬಿಡ್ಲಾ?"

"ಇನ್ನೂ ಟೈಮಿದೆ ಕಣೇ. ಒಂದ್ಸಲ ಓದ್ಕೊ," ಎಂದಳು ಅತೀಯಾ. ಯಾವ ಮೇಷ್ಟ್ರಾದರೂ ಅದನ್ನೇ ಹೇಳುತ್ತಿದ್ದರು.

ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಲ್ಯಾಬಿನ ಯುಪಿಎಸ್ ಹೊಸದು, ಅಲ್ಲಿ ಒಂದು ಕಂಪ್ಯೂಟರೂ ಆರಲಿಲ್ಲ. ಸರ್ವರಿನ ಯುಪಿಎಸ್ ಹಳೆಯದು, ಪ್ರಿನ್ಸಿಪಾಲರ ಕೋಣೆಯಲ್ಲಿ ಅದು ಕುಂಯ್ ಎಂದು ಸುಮ್ಮನಾದದ್ದು ಇಲ್ಲಿಗೂ ಕೇಳಿಸಿತು. ಗಾಬರಿಯಾದ ಹುಡುಗರು ಕಳಿಸುವ ಗುಂಡಿ ಒತ್ತಿದರು. ಸರ್ವರ್ ಸಿಗುತ್ತಿಲ್ಲ ಎಂದು ತೋರಿಸಿ ಅವರ ಉತ್ತರಗಳೆಲ್ಲ ಮಾಯವಾದವು.

"ಯಾರೂ ಏನೂ ಮುಟ್ಬೇಡ್ರೋ!" ಎಂದು ಅತೀಯಾ ಕೂಗುವ ಹೊತ್ತಿಗೆ ಕೈ ತಡೆದು ಕೂತಿದ್ದವಳು ಸಂಗೀತಾ ಒಬ್ಬಳೇ. ಅವಳ ಉತ್ತರ ಪರದೆಯ ಮೇಲೆ ಹಾಗೇ ಇತ್ತು. ಕಾಪಿ ಮಾಡಿ ಇಟ್ಟುಕೊಳ್ಳೋಣವೆಂದರೆ ಪರೀಕ್ಷೆಯ ಸಾಫ್ಟ್‌ವೇರು ಅದಕ್ಕೂ ಬಿಡುತ್ತಿರಲಿಲ್ಲ.

ಅತೀಯಾ ವರಾಂಡಕ್ಕೆ ಓಡಿ ಕಿಟಕಿಯಲ್ಲಿ ಇಣುಕಿದಳು. ಸರ್ವರ್ ಮತ್ತೆ ಚಾಲೂ ಆಗಲು ಹೋಗಿ ಅರ್ಧಕ್ಕೇ ನಿಂತಿತ್ತು. ಒಳಗಿನ ಸಣ್ಣ ಬ್ಯಾಟರಿ ಸತ್ತಿದೆ, ಮುಂದುವರಿಯಲು ಎಫ್ ಒನ್ ಒತ್ತಿ ಎಂದು ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂದಿತ್ತು. ಒಂದೇ ಒಂದು ಗುಂಡಿ! ಕಿಟಕಿಯಿಂದ ನೋಡಿದರೆ ಆ ಗುಂಡಿಯೂ ಕಾಣುತ್ತಿತ್ತು.

ಜವಾನ ರಾಮಯ್ಯ ಸೀಬೆಹಣ್ಣು ಕೀಳುವ ದೋಟಿ ತಂದ. ಸರಳಿನ ಸಂದಿಯಲ್ಲಿ ತೂರಿಸಿ, ಇಬ್ಬರೂ ಉಸಿರು ಬಿಗಿಹಿಡಿದು ಗುರಿಯಿಟ್ಟರು. ಮೊದಲು ಪೆನ್ನಿನ ಸ್ಟ್ಯಾಂಡು ಬಿತ್ತು. ಆಮೇಲೆ ಕೀಬೋರ್ಡೇ ಜಾರಿ ಮೇಜಿನಂಚಿನಲ್ಲಿ ವೈರಿಗೆ ಜೋತುಬಿತ್ತು.

"ಹೋಗ್ಲಿ, ಸಾರ್‌ಗೆ ಫೋನ್ ಮಾಡಿ ಮೇಡಂ," ಎಂದ ರಾಮಯ್ಯ. ಅತೀಯಾ ಆಫೀಸಿನ ಫೋನಿನಿಂದ ಮಾಡಿದಳು. ಬೀಗ ಹಾಕಿದ ಕೋಣೆಯೊಳಗೆ ಈರಭದ್ರಪ್ಪನವರ ಫೋನು ಗಟ್ಟಿಯಾಗಿ ಹಾಡತೊಡಗಿತು. ರಾಮಯ್ಯನಿಗೆ ನಗು ಬಂತು. ಅತೀಯಾಳ ಮುಖ ನೋಡಿ ನುಂಗಿಕೊಂಡ.

"ಬೀಗ ಒಡೆದಾಕ್ಲಾ?"

"ಅಯ್ಯಯ್ಯೋ, ಬ್ಯಾಡಪ್ಪ!" ಸುಲೋಚನಮ್ಮ ಅಡ್ಡ ಬಂದರು. "ಸಾರ್ ಇಲ್ದೆ ಚೀಟಿ ಹರಿದ್ರೆ ಇಡೀ ಪರೀಕ್ಷೆನೇ ರದ್ದು ಕಣ್ರೀ. ಕರೆಂಟು ಹೋಗೋಕೆ ಮುಂಚೇನೇ ಕಳಿಸಿದ ಹುಡುಗ್ರು ಇದಾರಲ್ಲ, ಅವರದ್ದೂ ಹೋಗ್ತದೆ."

ರಾಮಯ್ಯ ಬೈಕು ಹತ್ತಿ ಬೀರೂರಿಗೆ ಹೊರಟ. ಇನ್ನು ಮಾಡುವಂಥದ್ದು ಏನೂ ಇರಲಿಲ್ಲ. ಅತೀಯಾ ಬಂದು ಸಂಗೀತಾಳ ಹಿಂದೆ ನಿಂತಳು. ಯಾ ಅಲ್ಲಾ, ಅವನು ಬೇಗ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಸಂಗೀತಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂತಿದ್ದಳು, ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಅತೀಯಾ ಅವಳ ಅರ್ಜಿ ಓದಿದಳು, ಪತ್ರ ಓದಿದಳು, ಕೋಷ್ಟಕದ ಒಂದೊಂದು ಮನೆಯನ್ನೂ ನೋಡಿದಳು. ಕಂಪ್ಯೂಟರು ಎಲ್ಲವನ್ನೂ ತೋರಿಸುತ್ತಿತ್ತು, ಯಾವುದನ್ನೂ ತನ್ನಲ್ಲಿ ಇಟ್ಟುಕೊಂಡಿರಲಿಲ್ಲ.

ಈರಭದ್ರಪ್ಪ ಬಂದರು, ಜರಿ ಪಂಚೆ ಎತ್ತಿಕಟ್ಟಿ, ಏದುಸಿರು ಬಿಡುತ್ತ. "ನನ್ನ ಬುದ್ಧಿಗಿಷ್ಟು ಮಣ್ಣಾಕ!" ಎನ್ನುತ್ತ ಸುಲೋಚನಮ್ಮನ ಎದುರಿಗೇ ಚೀಟಿ ಹರಿದು ಬೀಗ ತೆಗೆದರು. ಅತೀಯಾ ನುಗ್ಗಿ ಕೀಬೋರ್ಡು ಮೇಲೆತ್ತಿ ಎಫ್ ಒನ್ ಒತ್ತಿದಳು. ಹಳೆಯ ಸರ್ವರು ಆಕಳಿಸುತ್ತ ಎದ್ದಿತು. ಪರೀಕ್ಷೆ ಮುಗಿಯಲು ಇನ್ನೂ ಕೆಲವು ನಿಮಿಷ ಇದ್ದವು.

"ಒತ್ತು ಸಂಗೀತಾ, ಈಗ ಕಳಿಸು!"

ಸಂಗೀತಾ ಒತ್ತಿದಳು. ಪರದೆ ಬೆಳ್ಳಗಾಯಿತು. ಆಮೇಲೆ ಬಂದದ್ದು, ನಿಮ್ಮ ಹೆಸರು ಮತ್ತು ನೋಂದಣಿ ಸಂಖ್ಯೆ ನಮೂದಿಸಿ. ಮಲಗಿ ಎದ್ದ ಸರ್ವರಿಗೆ ಸಂಗೀತಾ ಯಾರೆಂದೇ ನೆನಪಿರಲಿಲ್ಲ. ಯಾರೋ ಅಪರಿಚಿತರು ಕೊಟ್ಟ ಉತ್ತರವನ್ನು ಅದು ತೆಗೆದುಕೊಳ್ಳದೆ ಬಿಸಾಡಿತ್ತು. ಹೆಸರು ಹಾಕಿದರೆ ಮೊದಲನೇ ಪ್ರಶ್ನೆ, ಖಾಲಿ. ಗಡಿಯಾರ ಮಾತ್ರ ಏನನ್ನೂ ಮರೆಯದೆ ಓಡುತ್ತಿತ್ತು.

ಸಂಗೀತಾ ಮತ್ತೆ ಮೊದಲಿನಿಂದ ಟೈಪ್ ಮಾಡತೊಡಗಿದಳು. ಅರ್ಜಿಯ ಅರ್ಧದಲ್ಲೇ ಸಮಯ ಮುಗಿದು ಪರದೆ ತಾನಾಗಿಯೇ ಮುಚ್ಚಿಕೊಂಡಿತು.

"ಮೇಡಂ, ಅವಳು ಪೂರ್ತಿ ಮಾಡಿದ್ದನ್ನ ನೀವೂ ನೋಡಿದ್ರಲ್ಲ!" ಅತೀಯಾ ಸುಲೋಚನಮ್ಮನ ಕೈ ಹಿಡಿದುಕೊಂಡಳು.

"ನೋಡ್ದೆ ಕಣಮ್ಮ, ಕಣ್ಣಾರೆ ನೋಡ್ದೆ. ನಾನು ನೋಡಿದ್ದಕ್ಕೆ ಅಂಕ ಹಾಕೋಕೆ ಬರಲ್ವಲ್ಲ," ಎಂದರು ಅವರು, ಮುಖ ಸಣ್ಣದು ಮಾಡಿಕೊಂಡು. ಈರಭದ್ರಪ್ಪ ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಸಂಗೀತಾ ಬ್ಯಾಗು ಹೆಗಲಿಗೇರಿಸಿದಳು. ಕಡೂರಿನ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಮೇಡಂ, ನೀವು ಓದಿದ್ರಲ್ಲ. ಸರಿ ಇತ್ತಾ?"

"ಎಲ್ಲಾ ಸರಿ ಇತ್ತು ಕಣೇ. ಒಂದಕ್ಷರನೂ ತಪ್ಪಿರ್ಲಿಲ್ಲ."

ಅಲ್ಲಿಯವರೆಗೆ ಕಣ್ಣಲ್ಲಿ ಒಂದು ಹನಿ ತರದಿದ್ದವಳು ಆ ಮಾತು ಕೇಳಿ ಅಲ್ಲೇ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ತುಂಬಾ ತಪ್ಪಿತ್ತು ಎಂದು ಸುಳ್ಳು ಹೇಳಿದ್ದರೇ ಚೆನ್ನಾಗಿತ್ತು ಎಂದು ಅತೀಯಾಗೆ ಅನಿಸಿದ್ದು ಆಗ.