ಹಂಪಕ್ಕನ ಕೃಪೆ

ಸಾವಿರದ ಒಂಬೈನೂರ ಇಪ್ಪತ್ತೆರಡರ ಮಾಘ ಮಾಸದ ಒಂದು ಭಾನುವಾರ ಮಧ್ಯಾಹ್ನ ರಾಯದುರ್ಗದ ಕೋಟೆ ಬೆಟ್ಟದ ಬುಡದ ಕೇರಿಯಲ್ಲಿ ನಡೆದದ್ದನ್ನು ಬಳ್ಳಾರಿಯ ಕಲೆಕ್ಟರ ಕಚೇರಿ ದಾಖಲೆ ಮಾಡಿಕೊಳ್ಳಲಿಲ್ಲ. ಮದರಾಸಿನ ಗವರ್ನರರಿಗೂ ಯಾರೂ ತಂತಿ ಕೊಡಲಿಲ್ಲ. ಆಳುವವರ ಅಸಡ್ಡೆ ಎಂದರೆ ಇದೇ. ಆ ಮಧ್ಯಾಹ್ನ ಹಂಪಕ್ಕ ತನ್ನ ಮನೆಯಳಿಯನ ತಟ್ಟೆಗೆ ನಲ್ಲಿ ಎಲುಬು ಹಾಕಲಿಲ್ಲ.

ನಲ್ಲಿ ಎಲುಬು ಅಂದರೆ ಕುರಿಯ ಕಾಲಿನದು, ಒಳಗೆ ಮಜ್ಜೆ ತುಂಬಿಕೊಂಡಿರುವುದು. ಒಂದು ತುದಿಯನ್ನು ತಟ್ಟೆಗೆ ಕುಟ್ಟಿ, ಬಾಯಿಟ್ಟು ಜುರ್ರೆಂದು ಎಳೆದರೆ ಅರ್ಧ ಕೇರಿಗೆ ಕೇಳಿಸಬೇಕು. ಆ ಮನೆಯ ಸಾರಿನಲ್ಲಿ ಅದು ಇರುತ್ತಿದ್ದದ್ದು ಒಂದೇ. ಮನೆಯಲ್ಲಿ ಅಳಿಯನಿದ್ದ ಮೇಲೆ ಅದು ಯಾರದೆಂದು ಯಾರೂ ಕೇಳುವುದಿಲ್ಲ. ಏಳು ವರ್ಷದಿಂದ ಸಂಜೀವಪ್ಪನೂ ಕೇಳಿರಲಿಲ್ಲ, ಎಳೆಯುತ್ತಿದ್ದ.

ಸಂಜೀವಪ್ಪ ಮಿಶನ್ನಿನ ಉಪದೇಶಿ. ಬಳ್ಳಾರಿಯಲ್ಲಿ ಎರಡು ವರ್ಷ ವೇದಾಭ್ಯಾಸ ಮಾಡಿ, ಒಂದು ಕರಿ ಕೋಟು, ಒಂದು ಛತ್ರಿ, ಮತ್ತು ಎದುರಿಗಿರುವವರ ತಲೆಯ ಮೇಲಿಂದ ನೋಡುತ್ತ ಮಾತಾಡುವ ಅಭ್ಯಾಸ ಇಷ್ಟನ್ನು ತಂದಿದ್ದ. ಹೆಂಡತಿ ಅಂಬಮ್ಮನೂ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದಳು. ಅತ್ತೆ ಹಂಪಕ್ಕ ಮಾತ್ರ ಒಪ್ಪಿರಲಿಲ್ಲ. "ಇದ್ದ ದೇವ್ರುಗಳನ್ನ ಸಂಭಾಳಿಸೋದ ಸಾಕಾಗೈತಿ" ಎನ್ನುತ್ತಿದ್ದಳು. ಆದರೂ ಮಗಳು ಹಾಡುವುದನ್ನು ಕೇಳಲೆಂದು ಭಾನುವಾರ ಪ್ರಾರ್ಥನಾ ಮನೆಯ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದಳು. ತಪ್ಪಾದದ್ದು ಅಲ್ಲೇ.

ಆ ಬೆಳಿಗ್ಗೆ ಸಂಜೀವಪ್ಪ ಕೈಗೆತ್ತಿಕೊಂಡ ವಿಷಯ ಆರಿಸಿಕೊಳ್ಳುವಿಕೆ. ಲೋಕ ಹುಟ್ಟುವುದಕ್ಕೂ ಮುಂಚೆ ದೇವರು ಕೆಲವರನ್ನು ರಕ್ಷಣೆಗೆಂದು ಆರಿಸಿಟ್ಟಿದ್ದಾನೆ. ಉಳಿದವರನ್ನು ಆರಿಸಿಲ್ಲ. ಯಾರು ಎಷ್ಟು ಒಳ್ಳೆಯದು ಮಾಡಿದರೂ ಆ ಪಟ್ಟಿ ಕದಲುವುದಿಲ್ಲ. ರಕ್ಷಣೆ ಕೂಲಿಯಲ್ಲ, ಕೃಪೆ. ಇಷ್ಟು ಹೇಳುವಷ್ಟರಲ್ಲಿ ಮುಂದಿನ ಸಾಲು ತೂಕಡಿಸತೊಡಗಿತ್ತು. ಒಂದು ಉದಾಹರಣೆ ಬೇಕಾಗಿತ್ತು, ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡ.

"ದೂರ ಯಾಕ ಹೋಗ್ತೀರಿ? ತೀರಿಹೋದ ನಮ್ಮ ಮಾವ ಯರ್ರಪ್ಪನ್ನ ತಗೊಳ್ರಿ. ಪ್ಲೇಗಿನ ವರ್ಷ ಊರಿಗೆ ಊರ ಬಿಟ್ಟು ಅಡವ್ಯಾಗ ಗುಡಿಸ್ಲು ಹಾಕ್ಕೊಂಡಾಗ ಈ ಮನುಷ್ಯ ಒಬ್ಬನ ಉಳದ. ಬಿದ್ದೋರಿಗೆ ನೀರು ಕೊಟ್ಟ. ಹನ್ನೊಂದು ಹೆಣ ಮಣ್ಣು ಮಾಡಿದ. ಈಗ ಎಲ್ಲಿ ಅದಾನ?"

ಸಭೆಯಲ್ಲಿ ಎಲ್ಲರ ಕಣ್ಣೂ ತೆರೆದವು.

"ಬೆಂಕ್ಯಾಗ ಅದಾನ! ಯಾಕ? ಪಟ್ಟ್ಯಾಗ ಹೆಸರಿಲ್ಲ!"

ಅಂಥ ಉಪದೇಶವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಒಬ್ಬರೂ ಮತ್ತೆ ತೂಕಡಿಸಲಿಲ್ಲ. ಕೆಲಸ ಚೆನ್ನಾಗಿ ಮಾಡಿದವನ ಹಸಿವಿನಲ್ಲಿ ಮನೆಗೆ ಬಂದು ತಟ್ಟೆಯ ಮುಂದೆ ಕೂತ.

ಹಂಪಕ್ಕ ಸಾರಿನ ಗಡಿಗೆ ಹಿಡಿದು ಬಾಗಿಲಿಗೆ ಹೋದಳು. ಹೊರಗಿನ ಕಟ್ಟೆಯ ಮೇಲೆ ಪಾಪಣ್ಣ ಮಲಗಿದ್ದ. ಸೇಂದಿ ಅಂಗಡಿಗೂ ಈ ಕಟ್ಟೆಗೂ ನಡುವೆ ಓಡಾಡುವುದನ್ನು ಬಿಟ್ಟರೆ ಅವನು ಇನ್ನೊಂದು ಕೆಲಸ ಮಾಡಿದ್ದನ್ನು ಕಂಡವರಿಲ್ಲ.

"ಏ ಪಾಪಣ್ಣ, ಒಳಗ ಬಾ, ಕುಂದ್ರು."

"ನಾನೇನ್ ಮಾಡೀನವ್ವಾ?" ಎಂದು ಅವನು ಗಾಬರಿಯಾಗಿ ಎದ್ದ.

"ಏನೂ ಮಾಡಿಲ್ಲ. ಅದಕ್ಕ ಕರದೀನಿ."

ಸೌಟಿನಲ್ಲಿ ಮೇಲೆದ್ದ ಎಲುಬು ಸಂಜೀವಪ್ಪನ ಕಣ್ಣೆದುರೇ ಪಾಪಣ್ಣನ ತಟ್ಟೆಗೆ ಬಿತ್ತು.

"ಅತ್ತೀ, ಎಲುಬು..."

"ಅವನ್ನ ಆರಿಸೀನ್ರಿ."

"ಯಾವಾಗ?"

"ಕುರಿ ಹುಟ್ಟೋಕಿಂತ ಮುಂಚೆ."

"ಆ ಕುಡುಕ ಅಂಥಾದ್ದೇನು ಮಾಡ್ಯಾನ?"

"ಮಾಡೋದಕ್ಕೂ ಸಿಗೋದಕ್ಕೂ ಸಂಬಂಧ ಇಲ್ಲಂತ ಮುಂಜಾನಿ ಯಾರೋ ಹೇಳಿದ್ರಲ್ರಿ, ಅಳಿಯಂದ್ರ. ಬಾಳ ಚಲೋ ಹೇಳಿದ್ರು." ಹಂಪಕ್ಕ ಗಡಿಗೆಯನ್ನು ಕೆಳಗಿಟ್ಟಳು. "ನನ್ನ ಗಂಡ ಎಲ್ಲಿ ಅದಾನೋ ನಿಮಗ ಗೊತ್ತಿಲ್ಲ. ಅದ ಜಾಗದಾಗ ನಿಂತು, ಅದ ಮಂದಿ ಮುಂದ, 'ಗೊತ್ತಿಲ್ಲ' ಅಂತ ಒಂದು ಮಾತು ಅನ್ರಿ. ನನಗ ಅಷ್ಟ ಬೇಕು."

ಒಂದು ಎಲುಬಿಗಾಗಿ ಸಿದ್ಧಾಂತ ಬಗ್ಗಿಸುವುದುಂಟೇ? ಸಂಜೀವಪ್ಪ ಬರೀ ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ತಿಂದ. ಅವನಿಗೆ ಎದುರಾಗಿಯೇ ಪಾಪಣ್ಣ ಜುರ್ರೆಂದ. ಕಲಿಯದ ಕಸುಬು, ಆದರೂ ಸದ್ದು ದೊಡ್ಡದಾಗಿತ್ತು.

ಆ ಕುರಿಕಾಲಿನ ಮೂಲವನ್ನೂ ಇಲ್ಲಿ ಹೇಳಬೇಕು. ಯರ್ರಪ್ಪ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆಗೆ ತೊಗಲ ಬಾನಿ ಹೊಲಿಯುತ್ತಿದ್ದವನು. ಪ್ಲೇಗಿನ ವರ್ಷ ಅವನು ಮಣ್ಣು ಮಾಡಿದ ಹನ್ನೊಂದು ಹೆಣಗಳಲ್ಲಿ ಒಂದು ಗುಮ್ಮಘಟ್ಟದ ಕುರುಬರ ಸಣ್ಣತಿಮ್ಮಪ್ಪನ ಅಪ್ಪನದು. ಜ್ವರದಲ್ಲಿ ಬಿದ್ದಿದ್ದ ಸಣ್ಣತಿಮ್ಮಪ್ಪ ಅವನ ಕೈಯ ನೀರು ಕುಡಿದೇ ಬದುಕಿದ. ಕುಡಿಯುವಾಗ ಜಾತಿ ಕೇಳಿರಲಿಲ್ಲ, ಆಮೇಲೆ ಮರೆಯಲೂ ಇಲ್ಲ. ಅಂದಿನಿಂದ ಅವನು ಕುರಿ ಕೊಯ್ದಾಗಲೆಲ್ಲ ಒಂದು ಕಾಲು ಯರ್ರಪ್ಪನ ಹೆಸರಿನಲ್ಲಿ ಈ ಮನೆಗೆ ಬರುತ್ತಿತ್ತು. ಅಂದರೆ ಸಂಜೀವಪ್ಪ ಏಳು ವರ್ಷ ಚೀಪಿದ್ದು ಮಾವನ ಸತ್ಕ್ರಿಯೆಯನ್ನೇ. ಇದು ಅವನಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ರುಚಿ ಕೆಡುತ್ತಿರಲಿಲ್ಲ.

ಮುಂದಿನ ಭಾನುವಾರವೂ ಎಲುಬು ಪಾಪಣ್ಣನಿಗೇ ಹೋಯಿತು. ಅವನು ಸೇಂದಿ ಅಂಗಡಿಯಲ್ಲಿ ಎದೆಯುಬ್ಬಿಸಿ ಕೂರತೊಡಗಿದ.

"ನಾನು ಆರಿಸಿದೋನು!"

"ಅದಕ್ಕೇನು ಮಾಡಬೇಕೋ?" ಎಂದು ಪಕ್ಕದವರು ಕೇಳಿದರು.

"ಏನೂ ಮಾಡಬಾರದು. ಮಾಡಿದ್ರ ಕೆಡ್ತೈತಿ."

ಬಳ್ಳಾರಿಯ ಎರಡು ವರ್ಷದ ಪಾಠವನ್ನು ಇಷ್ಟು ಚಿಕ್ಕದಾಗಿ ಹೇಳುವುದು ಸಂಜೀವಪ್ಪನಿಗೂ ಸಾಧ್ಯವಾಗಿರಲಿಲ್ಲ. ಮಾತು ಕೇರಿಯಿಂದ ಸಭೆಗೆ ಬಂತು. ಪ್ರಾರ್ಥನಾ ಮನೆಯ ಕಸ ಗುಡಿಸುತ್ತಿದ್ದ ಮೈಲಾರಮ್ಮ ಮೂರನೆಯ ಭಾನುವಾರ ಪೊರಕೆಯನ್ನು ಮೂಲೆಗಿಟ್ಟಳು.

"ಹೆಸರಿದ್ರ ಐತಿ, ಇಲ್ಲಂದ್ರ ಇಲ್ಲ. ಕಸ ಹೊಡದ್ರ ಬರ್ತೈತೇನ್ರಿ?"

ಕರಿ ಕೋಟು ಹಾಕಿಕೊಂಡೇ ಉಪದೇಶಿ ಕಸ ಗುಡಿಸಿದ. ಕಿಟಕಿಯಲ್ಲಿ ನಿಂತು ನೋಡಿದವರು ಅದನ್ನು ಊರಿಗೆಲ್ಲ ಹೇಳಿದರು. ಸಂಜೀವಪ್ಪ ಮನೆಗೆ ಹೋಗಿ ಹೆಂಡತಿಯ ಮುಂದೆ ಕೂಗಾಡಿದ.

"ನಿಮ್ಮವ್ವಗ ಹೇಳು, ಇದು ದೇವರ ವಿಷಯ!"

ಅಂಬಮ್ಮ ಹಿಟ್ಟು ನಾದುತ್ತ ತಲೆಯೆತ್ತದೆ ಅಂದಳು: "ಅವ ನನಗ ಅಪ್ಪ ಆಗಿದ್ದ. ಅದೂ ಒಂದು ವಿಷಯ ರೀ."

ಕೊನೆಗೆ ಸಂಜೀವಪ್ಪ ಬಳ್ಳಾರಿಯ ಮಿಶನ್ನಿನ ಪಾದ್ರಿ ದೊರೆಗೆ ನಾಲ್ಕು ಪುಟದ ಕಾಗದ ಬರೆದ. ಅನ್ಯಮತದ ಒಬ್ಬ ಮುದುಕಿ ಪರಿಶುದ್ಧ ಸಿದ್ಧಾಂತವನ್ನು ಸಾರಿನ ಗಡಿಗೆಯಲ್ಲಿ ಹಾಕಿ ಕದಡುತ್ತಿದ್ದಾಳೆ, ಯರ್ರಪ್ಪನ ಉದಾಹರಣೆ ಹೇಳಿದ್ದೇ ನೆಪ, ತಾವು ಖುದ್ದಾಗಿ ಬಂದು ಗದರಿಸಬೇಕು ಎಂದು. ದೊರೆಯ ಜವಾಬು ಶುಕ್ರವಾರದ ಟಪಾಲಿನಲ್ಲಿ ಬಂತು. ಮೂರೇ ಸಾಲು: ಯಾವ ಮನುಷ್ಯನು ಆರಿಸಲ್ಪಟ್ಟವನು, ಯಾವನು ಅಲ್ಲ ಎಂಬುದು ದೇವರ ಗುಟ್ಟು. ಸತ್ತವನೊಬ್ಬನ ಹೆಸರು ಹಿಡಿದು ನರಕಕ್ಕೆ ಕಳಿಸುವ ಅಧಿಕಾರ ಉಪದೇಶಿಗೆ ಇರುವುದಿಲ್ಲ. ಬರುವ ಭಾನುವಾರ ಸಭೆಯ ಮುಂದೆ ತಿದ್ದಿಕೊಳ್ಳತಕ್ಕದ್ದು.

ಗುಟ್ಟು ಎಂದ ಮೇಲೆ ದೊರೆಗೂ ಗೊತ್ತಿಲ್ಲ ಎಂದಾಯಿತು. ಆದರೆ ದೊರೆಯನ್ನು ಯಾರೂ ಎಬ್ಬಿಸಿ ನಿಲ್ಲಿಸಿ ಕೇಳುವುದಿಲ್ಲ. ಸಂಜೀವಪ್ಪ ಆ ಕಾಗದವನ್ನು ಎರಡು ಸಲ ಓದಿ ಛತ್ರಿಯೊಳಗೆ ಬಚ್ಚಿಟ್ಟ. ಆಮೇಲೆ, ಇದರಲ್ಲೂ ಒಂದು ಲಾಭವಿದೆ ಎಂದು ಸಮಾಧಾನ ಮಾಡಿಕೊಂಡ. ಹೇಗೂ ಹೇಳಲೇಬೇಕು, ಹೇಳಿದರೆ ಎಲುಬಾದರೂ ವಾಪಸ್ಸು ಬರುತ್ತದೆ.

ಭಾನುವಾರ ಅದೇ ಜಾಗದಲ್ಲಿ ನಿಂತ. ಎಂದೂ ಬಾರದವರೂ ಬಂದಿದ್ದರು.

"ನಮ್ಮ ಮಾವ ಎಲ್ಲಿ ಅದಾನಂತ..." ಮುಂದಿನದು ಕೋಟಿನ ಗುಂಡಿಗೆ ಮಾತ್ರ ಕೇಳಿಸಿತು.

ಹಿಂದಿನ ಗೋಡೆಯ ಕಡೆಯಿಂದ ಹಂಪಕ್ಕ ಅಂದಳು: "ಕೇಳಲಿಲ್ರಿ."

"ಗೊತ್ತಿಲ್ಲ!"

"ಯಾರಿಗೆ?"

"ನನಗ! ನಮ್ಮ ಮಾವ ಯರ್ರಪ್ಪ ಎಲ್ಲಿ ಅದಾನಂತ ನನಗ ಗೊತ್ತಿಲ್ಲ!"

ಹಂಪಕ್ಕ ಸೆರಗು ಹೊದ್ದುಕೊಂಡು ಎದ್ದಳು. ಒಲೆಯ ಮೇಲೆ ಸಾರಿತ್ತು.

ಮಧ್ಯಾಹ್ನ ಸಂಜೀವಪ್ಪ ತಟ್ಟೆಯನ್ನು ತಾನೇ ತೊಳೆದುಕೊಂಡು ಬಂದು ಕೂತ. ಎದುರಿಗೆ ಪಾಪಣ್ಣ, ತನ್ನ ಕಾಲ ಮುಗಿಯಿತೆಂಬ ಮುಖ ಮಾಡಿಕೊಂಡು. ಸೌಟು ಗಡಿಗೆಗಿಳಿದು ಮೇಲೆದ್ದಿತು. ಎಲುಬು ಸಂಜೀವಪ್ಪನ ತಟ್ಟೆಯ ಮೇಲೆ ಬಂತು, ಒಂದು ಹನಿ ಸಾರು ತೊಟ್ಟಿಕ್ಕಿಸಿತು, ಮುಂದೆ ಹೋಯಿತು.

"ಅತ್ತೀ! ನಾನು ಹೇಳಿದ್ನಲ್ಲ!"

"ಹೇಳಿದ್ರಿ. ಚಲೋ ಕೆಲಸ ಮಾಡಿದ್ರಿ."

"ಮತ್ತ?"

"ಮಾಡಿದ್ದಕ್ಕ ಸಿಕ್ರ ಅದು ಕೂಲಿ ಆಗ್ತೈತಿ, ಅಳಿಯಂದ್ರ. ಇದು ಕೃಪೆ."

ಎಲುಬನ್ನು ಪಾಪಣ್ಣ ಚೀಪಿದ.