ಬೀರದೇವರ ಟಗರು

ಕತ್ತಲಲ್ಲಿ ಗಂಟೆ ಒಮ್ಮೆ ಮಾತ್ರ ಟಿಣ್ ಎಂದಿತು. ಆಮೇಲೆ ಯಾರೋ ಅದನ್ನು ಮುಷ್ಟಿಯಲ್ಲಿ ಹಿಡಿದಂತೆ ಸುಮ್ಮನಾಯಿತು. ನಿದ್ದೆ ಬಾರದೆ ಮಲಗಿದ್ದ ನಾನು ಎದ್ದು ಕಿಟಕಿಗೆ ಬಂದೆ. ಕುರಿಹಟ್ಟಿಯ ಬಾಗಿಲಲ್ಲಿ ಆಯಿ, ಅಂದರೆ ನನ್ನ ತಾಯಿಯ ತಾಯಿ ಬೀರವ್ವ, ದೇವರ ಟಗರಿನ ಕೊರಳ ಗಂಟೆ ಬಿಚ್ಚುತ್ತಿದ್ದಳು. ಹೊರಗೆ ಸೊರಡಿಯ ಕುರಿ ವ್ಯಾಪಾರಿ ಅಮೀನಸಾಬ ಇನ್ನೊಂದು ಕರಿಯ ಟಗರನ್ನು ಹಿಡಿದು ನಿಂತಿದ್ದ.

ಅದು ಡಫಳಾಪುರದಲ್ಲಿ, ೧೯೭೦ರ ಆಷಾಢ. ಸಾಂಗ್ಲಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದೆ. ಮಾಘದಲ್ಲಿ ಸೋದರಮಾವ ಭರಮಣ್ಣನ ಜೊತೆ ನನ್ನ ಮದುವೆ. ನಾನು ತೊಟ್ಟಿಲಲ್ಲಿದ್ದಾಗಲೇ ಆಡಿಕೊಂಡ ಮಾತದು. ಮಾವ ಒಳ್ಳೆಯವನು, ಹಳ್ಳ ತುಂಬಿದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು. ಬೇಡ ಎನ್ನಲು ಒಂದೇ ಕಾರಣವಿತ್ತು, ಅದನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ನಮ್ಮಲ್ಲಿ ಬೀರದೇವರ ಹೆಸರಿನ ಟಗರು ಹಟ್ಟಿ ಬಿಟ್ಟು ಹೋಗಬಾರದು. ಅದು ಮುದಿಯಾದರೆ ಅದರದೇ ಮರಿಗೆ ಗಂಟೆ ಕಟ್ಟಬೇಕು. ಮುತ್ತಜ್ಜನ ಕಾಲದಿಂದ ಹೀಗೆಯೇ. ಈಚೆಗೆ ಕೆಲವು ಮರಿಗಳು ಕುರುಡಾಗಿ ಹುಟ್ಟುತ್ತಿದ್ದವು, ಕೆಲವಕ್ಕೆ ಕೆಳದವಡೆ ಗಿಡ್ಡಾಗಿ ಮೊಲೆ ಹಿಡಿಯಲು ಬರುತ್ತಿರಲಿಲ್ಲ. ಆಯಿ ಅವನ್ನು ಮಡಿಲಲ್ಲಿಟ್ಟುಕೊಂಡು ಅರಿವೆಯ ತುದಿಯಿಂದ ಹಾಲು ಕುಡಿಸುತ್ತಿದ್ದಳು. ಆದರೂ ಉಳಿಯುತ್ತಿರಲಿಲ್ಲ.

“ಕಾಲೇಜ ಕಲ್ತು ಬಂದೀಯಲ್ಲ, ಹೇಳು. ಏನಾಗೇತಿ ಇವಕ್ಕ?” ಎಂದು ಆ ರಾತ್ರಿಗೆ ಮೊದಲು ಒಂದು ಮಧ್ಯಾಹ್ನ ಕೇಳಿದಳು.

ಹಗ್ಗ ಹೊಸೆಯುತ್ತಿದ್ದ ಮಾವ ನಕ್ಕ. “ಆಕಿ ಕಪ್ಪಿ ಕೊಯ್ದಾಕಿ, ಯವ್ವಾ. ಕುರಿ ಕೇಳಿದ್ರ ಪರೀಕ್ಷಾದಾಗ ಬಂದಿಲ್ಲ ಅಂತಾಳ ನೋಡು.”

ಅವನು ಎದ್ದು ಹೋದ ಮೇಲೆ ಹೇಳಿದೆ. “ಇವು ತಂದಿ ಮಗಳು, ಅಣ್ಣ ತಂಗಿ ಕೂಡ್ಕೋತ ಬಂದಾವು, ಆಯಿ. ರಕ್ತ ಭಾಳ ಹತ್ತರದ್ದಾದ್ರ ಒಳಗ ಅಡಗಿದ್ದ ದೋಷ ಮ್ಯಾಲ ಬರ್ತಾವು. ಬ್ಯಾರಿ ಹಟ್ಟಿ ಟಗರು ಬೇಕು.”

“ಜತ್ತದ ದನದ ದವಾಖಾನ್ಯಾಗ ಪರದೇಶಿ ಟಗರು ಕೊಡ್ತಾರಂತಲ್ಲ?”

“ಅವು ತಂಪ ನಾಡಿನವು. ನಮ್ಮ ಕಲ್ಲ ನೆಲದಾಗ, ಈ ಬಿಸಲಾಗ ದಿನಾಪೂರ್ತಿ ನಡ್ಯಾಂಗಿಲ್ಲ. ಇದ ನೆಲದ ಜಾಲಿಕಾಯಿ ತಿಂದು ಬೆಳದದ್ದು ಬೇಕು, ರಕ್ತ ಅಷ್ಟ ಬ್ಯಾರಿ ಇರಬೇಕು.”

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಆಯಿ ಮಾವ ಹೋದ ದಾರಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಹೂಂ” ಎಂದು ಮರಿಯ ಬಾಯಿ ಒರೆಸಿದಳು.

ಅದಾದ ಕೆಲವೇ ದಿನಗಳಲ್ಲಿ ಅಮೀನಸಾಬ ರಾತ್ರಿ ಬಂದು ಟಗರು ಬದಲಿಸಿ ಹೋದದ್ದು. ಮರುದಿನ ಮಾವ ಹಟ್ಟಿಯಲ್ಲಿ ನಿಂತು ಬಹಳ ಹೊತ್ತು ನೋಡಿದ.

“ಯವ್ವಾ, ಟಗರಿಗೆ ಒಂದ ರಾತ್ರ್ಯಾಗ ಹರೇ ಬಂದೇತಲ್ಲ?”

“ದೇವರ ಟಗರು. ಅದಕ್ಕ ಬರಬ್ಯಾಡ ಅನ್ನಾಕ ನೀ ಯಾರು?”

ಅವನು ಕೋಲು ಎತ್ತಿಕೊಂಡು ಕುರಿ ಹೊಡೆದುಕೊಂಡು ಹೋದ.

ಈಗಲೂ ಒದ್ದೆ ಕಂಬಳಿಯ ವಾಸನೆ ಬಂದರೆ ನನಗೆ ಆ ಚಳಿಗಾಲದ ನೆನಪು. ಹುಟ್ಟಿದ ಮರಿಗಳು ನಡುಗುತ್ತಲೇ ಎದ್ದು ತಾಯಿಯ ಮೊಲೆ ಹುಡುಕುತ್ತಿದ್ದವು. ಆಯಿ ಒಂದೊಂದರ ದವಡೆಯನ್ನೂ ಬೆರಳಿನಿಂದ ಸವರಿ ನೋಡಿ ಕೆಳಗೆ ಬಿಡುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮಾಘ ಹತ್ತಿರವಾಗುತ್ತಿತ್ತು.

ಮದುವೆಗೆ ಮುಂಚೆ ನಮ್ಮಲ್ಲಿ ದೇವರನ್ನು ಕೇಳುತ್ತಾರೆ. ಮೂರ್ತಿಯ ಎರಡೂ ಭುಜಗಳಿಗೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಬೇಡ. ದೇವರ ಕೋಣೆಯಲ್ಲಿ ಮನೆಯ ಹಿರಿಯಳು ಮತ್ತು ಮದುವೆಯ ಹುಡುಗಿ ಇಬ್ಬರೇ ಇರಬೇಕು. ಅವ್ವ, ಮಾವ, ನೆಂಟರು ಪಡಸಾಲೆಯಲ್ಲಿ ಕೂತಿದ್ದರು.

ಬಲಗಡೆಯ ಹೂ ಬಿತ್ತು.

ಆಯಿ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. “ತಪ್ಪ ಹೊಟ್ಟ್ಯಾಗ ಹಾಕ್ಕೊ, ನನ್ನಪ್ಪ” ಎಂದು ಮೆಲ್ಲಗೆ ಹೇಳಿ, ನೀರು ಸವರಿ ಮತ್ತೆ ಬಲಭುಜಕ್ಕೆ ಅಂಟಿಸಿದಳು. ಎಡಗಡೆಯದನ್ನು ಕಿತ್ತು ಅಂಗೈಯಲ್ಲಿ ಹಿಡಿದು ಬಾಗಿಲು ತೆಗೆದಳು.

“ದೇವರು ಒಲ್ಲೆ ಅಂದಾನ. ಭರಮಾಗ ಹೊರಗಿನ ಹೆಣ್ಣ ನೋಡ್ರಿ, ಇಕಿಗಿ ಹೊರಗಿನ ವರ.”

ಅವ್ವ ಸೆರಗು ಬಾಯಿಗೆ ಹಚ್ಚಿ ಅತ್ತಳು. ಮಾವ ಹೊಸ್ತಿಲ ತನಕ ಬಂದ. “ನೀ ಕಂಡೇನ, ಚಂದ್ರಾ? ಖರೇನ ಎಡಕ್ಕ ಬಿತ್ತು?”

ಆಯಿ ನನ್ನ ಕಡೆ ನೋಡಲಿಲ್ಲ.

“ಹೌದು ಮಾವ, ಎಡಕ್ಕ.”

ಅವನು ರುಮಾಲು ಸರಿಮಾಡಿಕೊಂಡು ಹೊರಗೆ ಹೋದ. ಅಂಗಳ ದಾಟುವವರೆಗೂ ಅವನ ಬೆನ್ನು ನೋಡುತ್ತ ನಿಂತೆ. ಒಳಗೆ ಕಂಡದ್ದನ್ನು ಅವನಿಗಾಗಲಿ, ಅವ್ವನಿಗಾಗಲಿ, ಮುಂದೆ ನನ್ನ ಕೈ ಹಿಡಿಯುವವನಿಗಾಗಲಿ, ಯಾರಿಗೂ ಹೇಳಬಾರದೆಂದು ಅಲ್ಲಿಯೇ ನಿರ್ಧರಿಸಿದೆ.